ಒಂದನೇ ಕ್ಲಾಸಿನ ವಯಸ್ಸಿಗೆ ಅಷ್ಟು ಜಗಳ, ಮೊದಲ ಎರಡು ವರ್ಷಕ್ಕೆ ಒಂದು ಪಾಕೀಟು

2025ರ ಏಪ್ರಿಲ್ ತಿಂಗಳಲ್ಲಿ ನನ್ನ ಫೋನಿನ ತುಂಬ ಒಂದೇ ಪ್ರಶ್ನೆ. ಒಂದನೇ ತರಗತಿಗೆ ಸೇರಿಸಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಲೇಬೇಕಾ? ಜುಲೈನಲ್ಲಿ ಹುಟ್ಟಿದ ಮಗುವಿನ ಗತಿ ಏನು? ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ಹಳೇ ಕಾಲೇಜಿನ ಗೆಳೆಯರ ಗುಂಪಿನಲ್ಲಿ, ಟಿವಿ ಚರ್ಚೆಗಳಲ್ಲಿ ಇದೇ ಮಾತು. ಪೋಷಕರು ಮನವಿ ಕೊಟ್ಟರು, ಶಾಲೆಗಳು ಕೈಚೆಲ್ಲಿದವು. ಕೊನೆಗೆ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು, ಎಲ್‌ಕೆಜಿ-ಯುಕೆಜಿ ಮುಗಿಸಿರಬೇಕು ಅಂದರು. ಗುಂಪುಗಳು ತಣ್ಣಗಾದವು.

ಆ ಜಗಳ ತಪ್ಪು ಅಂತ ನಾನು ಹೇಳ್ತಿಲ್ಲ. ಮಗುವಿನ ಒಂದು ವರ್ಷ ಹಾಳಾಗುತ್ತದೆ ಅಂದರೆ ಯಾವ ಅಪ್ಪ-ಅಮ್ಮನಿಗೂ ಸಂಕಟ ಆಗುವುದೇ. ನನಗೆ ಬೇರೆಯದೇ ಒಂದು ವಿಚಾರ ಕಾಡಿತು. ಐದೂವರೆ ವರ್ಷವೋ ಆರು ವರ್ಷವೋ ಎಂಬ ಏಳು ತಿಂಗಳ ವ್ಯತ್ಯಾಸಕ್ಕೆ ಸರ್ಕಾರವನ್ನೇ ಬಗ್ಗಿಸುವಷ್ಟು ಗದ್ದಲ ಮಾಡಬಲ್ಲ ಸಮಾಜ, ಅದೇ ಮಗುವಿನ ಆರನೇ ತಿಂಗಳಿನಿಂದ ಇಪ್ಪತ್ನಾಲ್ಕನೇ ತಿಂಗಳವರೆಗಿನ ಹದಿನೆಂಟು ತಿಂಗಳ ಬಗ್ಗೆ ಯಾವತ್ತಾದರೂ ಹೀಗೆ ದನಿ ಎತ್ತಿದೆಯಾ? ನನಗೆ ನೆನಪಿಲ್ಲ. ಆ ವಯಸ್ಸಿಗೆ ಅಡ್ಮಿಷನ್ ಇಲ್ಲ, ಮಾರ್ಕ್ಸ್ ಇಲ್ಲ, ಹಾಜರಿ ಪುಸ್ತಕವೂ ಇಲ್ಲ.

ಕೆಲ ತಿಂಗಳ ಹಿಂದೆ ರಾಯಚೂರು ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಅರ್ಧ ದಿನ ಕೂತಿದ್ದೆ. ಹತ್ತಿ ಬಿಡಿಸುವ ಕಾಲ. ಊರಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇಲ್ಲ. ಒಳಗೆ ಮೂರರಿಂದ ಐದು ವರ್ಷದ ಹದಿನಾಲ್ಕು ಮಕ್ಕಳು ಸಾಲಾಗಿ ಕೂತು ಪದ್ಯ ಹೇಳ್ತಿದ್ದವು. ನಿಮ್ಮ ಪಟ್ಟಿಯಲ್ಲಿ ಒಟ್ಟು ಎಷ್ಟು ಮಕ್ಕಳು ಅಕ್ಕೋರೆ ಅಂತ ಕಾರ್ಯಕರ್ತೆಯನ್ನು ಕೇಳಿದೆ. ಐವತ್ತರ ಹತ್ತಿರ ಅಂದರು. ಉಳಿದವರು?

"ಇವು ಕಣ್ಣಿಗೆ ಕಾಣೋ ಮಕ್ಕಳ್ರೀ ಸರ್. ಮೂರು ವರ್ಷದ ಕೆಳಗಿನವು ಪಾಕೀಟಿನ ಮಕ್ಕಳು."

ಪಾಕೀಟಿನ ಮಕ್ಕಳು ಅಂದರೆ ಆರು ತಿಂಗಳಿನಿಂದ ಮೂರು ವರ್ಷದೊಳಗಿನವರು. ಅವರು ಅಂಗನವಾಡಿಗೆ ಬರಲ್ಲ. ಅವರ ಹೆಸರಿನಲ್ಲಿ ಮನೆಗೆ ಪುಷ್ಟಿ ಪುಡಿಯ ಪಾಕೀಟು ಹೋಗುತ್ತದೆ. ತಿಂಗಳಿಗೊಮ್ಮೆ ತೂಕ, ಎತ್ತರ ನೋಡಬೇಕು, ಆ್ಯಪ್‌ಗೆ ಹಾಕಬೇಕು. ಪಾಕೀಟು ಮನೆಗೆ ಹೋದಮೇಲೆ ಏನಾಗುತ್ತದೆ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತು. ಅಣ್ಣ-ಅಕ್ಕಂದಿರು ಸಕ್ಕರೆ ಹಾಕಿಕೊಂಡು ತಿಂತಾರೆ, ಅಜ್ಜ ಹಾಲಿಗೆ ಕಲಸಿಕೊಳ್ತಾನೆ. ಹಸಿದ ಮನೆಯಲ್ಲಿ ಆಹಾರಕ್ಕೆ ಹೆಸರು ಬರೆದಿರಲ್ಲ. ಇದನ್ನು ನಾನು ದೂರಿನಂತೆ ಹೇಳ್ತಿಲ್ಲ.

ಅಂಗನವಾಡಿ ವ್ಯವಸ್ಥೆಗೆ ಐವತ್ತು ವರ್ಷ ತುಂಬಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಮೈಸೂರು ಜಿಲ್ಲೆಯ ತಿ.ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೂಲ ಯೋಜನೆಯಲ್ಲೇ ಗರ್ಭಿಣಿಯಿಂದ ಹಿಡಿದು ಆರು ವರ್ಷದ ಮಗುವಿನವರೆಗೆ ಎಲ್ಲರೂ ಇದ್ದರು. ಆದರೆ ಈ ಐವತ್ತು ವರ್ಷದಲ್ಲಿ ಗಮನ ನಿಧಾನಕ್ಕೆ ಕಣ್ಣಿಗೆ ಕಾಣುವ ಮಕ್ಕಳ ಕಡೆಗೇ ಜಾರಿತು. ತೊಂದರೆ ಏನೆಂದರೆ, ಆಟ ಹೆಚ್ಚುಕಡಿಮೆ ನಿರ್ಧಾರವಾಗುವುದು ಕಣ್ಣಿಗೆ ಕಾಣದ ಮಕ್ಕಳ ವಯಸ್ಸಿನಲ್ಲಿ.

ಮೊದಲಿಂದ ನೋಡೋಣ. ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ, ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ಸಣ್ಣ ನಾಳ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಸಿಡ್ ಬೇಕು. ಆ ಹೊತ್ತಿಗೆ ತಾಯಿಗೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೆ. ಎಷ್ಟೋ ಜನರಿಗೆ ಗರ್ಭಿಣಿ ಅಂತ ಖಾತ್ರಿಯೂ ಆಗಿರಲ್ಲ. ನಮ್ಮ ವ್ಯವಸ್ಥೆಯ ಲೆಕ್ಕದಲ್ಲಿ ಮೊದಲ ಮೂರು ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿದರೆ ಅದು 'ಬೇಗ ನೋಂದಣಿ'. ಆಶಾ ಕಾರ್ಯಕರ್ತೆ ಓಡಾಡಿ ಎಂಟನೇ ವಾರಕ್ಕೇ ಕಾರ್ಡ್ ಮಾಡಿಸಿದರೂ ಆ ನಾಳದ ವಿಷಯದಲ್ಲಿ ತಡವಾಗಿ ಹೋಗಿರುತ್ತದೆ. ಅಂದರೆ ಗರ್ಭಿಣಿಯ ಪೋಷಣೆ ಗರ್ಭಿಣಿಯಾಗುವ ಮೊದಲೇ ಶುರುವಾಗಿರಬೇಕು. ಎಲ್ಲಿ? ಹೈಸ್ಕೂಲಲ್ಲಿ, ಪಿಯುಸಿಯಲ್ಲಿ, ಮದುವೆಯಾದ ಹೊಸ ಮನೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. 20ರಿಂದ 24 ವಯಸ್ಸಿನ ಐವರು ಯುವತಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ.

ಹುಟ್ಟುವಾಗ ಮಗುವಿನ ಮೆದುಳು ದೊಡ್ಡವರ ಮೆದುಳಿನ ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷಕ್ಕೆ ಸುಮಾರು ಮುಕ್ಕಾಲು ಭಾಗ ಮುಟ್ಟಿರುತ್ತದೆ. ಎತ್ತರದ ಲೆಕ್ಕವೂ ಹೀಗೇ. ಸುಮಾರು 50 ಸೆಂ.ಮೀ. ಉದ್ದ ಹುಟ್ಟಿದ ಮಗು ಮೊದಲ ವರ್ಷ 25 ಸೆಂ.ಮೀ. ಬೆಳೆಯುತ್ತದೆ, ಎರಡನೇ ವರ್ಷ 12ರ ಆಸುಪಾಸು. ಆಮೇಲೆ ಹರೆಯ ಬರೋವರೆಗೂ ವರ್ಷಕ್ಕೆ ಆರೇಳು ಸೆಂ.ಮೀ. ಅಷ್ಟೆ. ಇಷ್ಟು ವೇಗದಲ್ಲಿ ಬೆಳೆಯುವಾಗ ಬೇಕಾದ್ದು ಸಿಗದಿದ್ದರೆ ಬೆಳವಣಿಗೆ ಹಿಂದೆ ಬೀಳುತ್ತದೆ. ನಮ್ಮಂಥ ದೇಶಗಳ ಮಕ್ಕಳ ಎತ್ತರದ ರೇಖೆ ಇಳಿಯುವುದು ಬಹುಪಾಲು ಈ ಎರಡು ವರ್ಷದೊಳಗೇ. ಆಮೇಲೆ ಅದು ಇಳಿದ ಜಾಗದಲ್ಲೇ ನಿಂತಿರುತ್ತದೆ.

ಇದರಲ್ಲೂ ಆರನೇ ತಿಂಗಳು ಒಂದು ತಿರುವು. ಹುಟ್ಟುವಾಗ ಅಮ್ಮನಿಂದ ತಂದ ಕಬ್ಬಿಣಾಂಶದ ದಾಸ್ತಾನು ಸರಿಸುಮಾರು ಅಲ್ಲಿಗೆ ಮುಗಿಯುತ್ತದೆ. ಅಮ್ಮನಿಗೇ ರಕ್ತಹೀನತೆ ಇದ್ದರೆ ಇನ್ನೂ ಬೇಗ. ಎದೆಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಹಾಗಾಗಿ ಮೇಲಿನ ಆಹಾರ ಬೇಕೇಬೇಕು. ಆದರೆ ಆ ಮಗುವಿನ ಹೊಟ್ಟೆ ಇರುವುದೇ ಒಂದು ಹಿಡಿಯಷ್ಟು. ದೊಡ್ಡವರ ತಟ್ಟೆಯಿಂದ ಎರಡು ಹೊತ್ತು ಅನ್ನ-ಸಾರು ಕಲಸಿ ತಿನ್ನಿಸಿದರೆ ಸಾಲಲ್ಲ. ಆರರಿಂದ ಎಂಟು ತಿಂಗಳಲ್ಲಿ ಎರಡು-ಮೂರು ಸಲ, ಒಂಬತ್ತರಿಂದ ಇಪ್ಪತ್ಮೂರು ತಿಂಗಳಲ್ಲಿ ಮೂರು-ನಾಲ್ಕು ಸಲ, ನಡುವೆ ಬೇರೆ ತಿಂಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದೊಂದು ಸಲ ತಿನ್ನಿಸಲು ಅರ್ಧ ಗಂಟೆ ಹಿಡಿಯಿರಿ. ಅದೂ ಬಿಸಿ ಮಾಡಿ, ಮಿದ್ದು, ಉಗುಳಿದ್ದನ್ನು ಒರೆಸಿ, ಕಾಗೆ ತೋರಿಸಿ, ಮತ್ತೆ ತುತ್ತಿಟ್ಟು. ದಿನಕ್ಕೆ ಎರಡು ಗಂಟೆ ಬರೀ ತಿನ್ನಿಸುವುದಕ್ಕೇ ಹೋಗುತ್ತದೆ. ಆ ಎರಡು ಗಂಟೆ ಯಾರ ಹತ್ತಿರ ಇದೆ ಎಂಬುದೇ ನಿಜವಾದ ಪ್ರಶ್ನೆ.

ಇದರ ಫಲ ಏನು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಮೈಸೂರಿಗೆ ಹೋದರೆ ಸಾಕು. ಊರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಲ್ಲಿನ ದಾದಿಯರು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು ಬೀದಿ ಬೀದಿ ಸುತ್ತಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಹತ್ತಿರದಲ್ಲೇ ಬದುಕಿದ್ದ 517 ಜನರನ್ನು ಪತ್ತೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3. ಹೊಟ್ಟೆಯಲ್ಲಿದ್ದಾಗ ಅನುಭವಿಸಿದ ಕೊರತೆಯ ಗುರುತು ಐವತ್ತನೇ ವಯಸ್ಸಿನ ಎದೆಯಲ್ಲಿ ಸಿಗುತ್ತದೆ ಅನ್ನುವ ಮಾತು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಅವರ ಕೆಲಸದಿಂದ ಹೊರಬಂದಿತ್ತು. ಅದಕ್ಕೆ ನಮ್ಮ ಕಡೆಯಿಂದ ಸಿಕ್ಕ ಬಲವಾದ ಸಾಕ್ಷಿ ಮೈಸೂರಿನದು. ಆ ದಾದಿಯರಲ್ಲಿ ಯಾರಿಗೂ ತಾವು ಬರೆಯುತ್ತಿರುವುದು ಇಂಥ ದಾಖಲೆ ಅಂತ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಪ್ರಯೋಗ ಗ್ವಾಟೆಮಾಲಾದ್ದು. 1969ರಿಂದ 77ರವರೆಗೆ ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ, ಎರಡಕ್ಕೆ ಪ್ರೋಟೀನ್ ಹೆಚ್ಚಿರುವ ಗಂಜಿ, ಇನ್ನೆರಡಕ್ಕೆ ಬರೀ ಸಿಹಿ ಪಾನೀಯ ಕೊಟ್ಟರು. ಮೂವತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನು ಹುಡುಕಿ ಸಂಪಾದನೆ ಕೇಳಿದರು. ಹುಟ್ಟಿನಿಂದ ಎರಡು ವರ್ಷದವರೆಗೆ ಗಂಜಿ ಸಿಕ್ಕ ಗಂಡಸರ ಗಂಟೆಯ ಕೂಲಿ ಸರಾಸರಿ ಶೇ. 46ರಷ್ಟು ಹೆಚ್ಚಿತ್ತು. ಮೂರು ವರ್ಷ ದಾಟಿದ ಮೇಲೆ ಅದೇ ಗಂಜಿ ಕುಡಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಅಂಗನವಾಡಿಯಲ್ಲಿ ಬಿಸಿಯೂಟ ಸಿಗುವುದು ಯಾವ ವಯಸ್ಸಿಗೆ? ಮೂರು ದಾಟಿದವರಿಗೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕಾಂಕ್ರೀಟ್ ಹಾಕಿದ ಮೊದಲ ದಿನಗಳಲ್ಲಿ ನೀರು ಹೊಡೆಯದೆ ಆಮೇಲೆ ಟ್ಯಾಂಕರ್ ತಂದು ಸುರಿದರೆ ಏನೂ ಪ್ರಯೋಜನವಿಲ್ಲ ಅಂತ ಸೈಟಿನ ಮೇಸ್ತ್ರಿಗೂ ಗೊತ್ತು. ಈ ಹೋಲಿಕೆ ನನಗೆ ತಕ್ಷಣ ಹೊಳೆಯಿತು, ತಕ್ಷಣವೇ ಅನುಮಾನವೂ ಬಂತು. ಯಾಕೆಂದರೆ ಮಗು ಕಾಂಕ್ರೀಟ್ ಅಲ್ಲ. ಎರಡು ವರ್ಷಕ್ಕೆ ಎಲ್ಲ ಮುಗಿದುಹೋಯಿತು, ಕುಳ್ಳಗಿರುವ ಮಗು ದಡ್ಡ ಅಂತ ಈ ಅಂಕಿಅಂಶಗಳನ್ನು ಓದಿದರೆ ಅದು ಶುದ್ಧ ತಪ್ಪು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದ ಕೊನೆಯಲ್ಲಿ, ಆಗಲೇ ಕುಂಠಿತರಾಗಿದ್ದ 9ರಿಂದ 24 ತಿಂಗಳ ಮಕ್ಕಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಸಿಗುವ ಸಾಮಾನಿನಿಂದ ಆಟಿಕೆ ಮಾಡಿ, ಮಗುವಿನ ಜೊತೆ ಹೇಗೆ ಮಾತಾಡಬೇಕು, ಆಡಬೇಕು ಅಂತ ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಸಂಪಾದನೆ ಅಂಥ ನೆರವು ಸಿಗದ ಕುಂಠಿತ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಕುತೂಹಲದ ಸಂಗತಿ ಏನೆಂದರೆ ಅಲ್ಲಿ ಬರೀ ಪೌಷ್ಟಿಕ ಆಹಾರ ಮಾತ್ರ ಪಡೆದ ಗುಂಪಿಗೆ ಈ ಲಾಭ ಸಿಗಲಿಲ್ಲ. ಮೇಲೇಳಲು ಅವಕಾಶ ಇದೆ, ಆದರೆ ಅದಕ್ಕೂ ಬೇಕಾದ್ದು ಮಗುವಿನ ಎದುರು ಕೂತ ಒಬ್ಬ ಮನುಷ್ಯ.

(ಇಲ್ಲೊಂದು ಮಾತು. ನಗರದಲ್ಲಿ ಇದೇ ವಿಜ್ಞಾನ ಈಗ ವ್ಯಾಪಾರವಾಗಿದೆ. ಗರ್ಭ ಸಂಸ್ಕಾರದ ಕೋರ್ಸು, ಹೊಟ್ಟೆಗೆ ಹೆಡ್‌ಫೋನು, ಆರು ತಿಂಗಳ ಮಗುವಿಗೆ ಫ್ಲ್ಯಾಶ್ ಕಾರ್ಡು. ಹೊಟ್ಟೆ ತುಂಬಿದ ಮಗುವಿಗೆ ಇವು ಹೊಸದಾಗಿ ಏನನ್ನು ಕೊಡುತ್ತವೆ ಅನ್ನುವುದಕ್ಕೆ ನನಗೆ ನಂಬುವಂಥ ಸಾಕ್ಷಿ ಸಿಕ್ಕಿಲ್ಲ.)

ಈಗ ಕರ್ನಾಟಕದ ಲೆಕ್ಕಕ್ಕೆ ಬರೋಣ. ತಲಾ ಆದಾಯದಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ನಾವೂ ಒಬ್ಬರು. ಐದು ವರ್ಷದೊಳಗಿನ ಕುಂಠಿತ ಮಕ್ಕಳ ಪ್ರಮಾಣ ಮಾತ್ರ ಶೇ. 35.4. ಇಡೀ ದೇಶದ್ದು ಶೇ. 35.5. ಅಂದರೆ ನಮ್ಮ ಐಟಿ, ಬಿಟಿ, ಜಿಎಸ್‌ಟಿ ವಸೂಲಿ ಇದ್ಯಾವುದೂ ಈ ಮಕ್ಕಳ ಎತ್ತರಕ್ಕೆ ಮುಟ್ಟಿಲ್ಲ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಐದು ವರ್ಷಕ್ಕೂ ಒಂದು ಪರ್ಸೆಂಟ್ ಇಳಿದಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ರಕ್ತಹೀನತೆ ಶೇ. 60.9ರಿಂದ 65.5ಕ್ಕೆ ಏರಿದೆ. ರಾಯಚೂರಿನಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿರುವ ಸುದ್ದಿ 2011ರಲ್ಲಿ ದೊಡ್ಡದಾಗಿ, ಹೈಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ಮಾಡಿ, 2012ರಲ್ಲಿ ವರದಿ ಬಂದಿತ್ತು. ಆಮೇಲೂ ಸಂಖ್ಯೆ ಹೀಗಿದೆ.

ಏನೂ ಆಗಿಲ್ಲ ಅಂತಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಒಳ್ಳೆಯ ಯೋಚನೆಯೇ. ಗರ್ಭಿಣಿ, ಬಾಣಂತಿಯರಿಗೆ ಪಾಕೀಟು ಕೊಟ್ಟರೆ ಮನೆಯವರ ಪಾಲಾಗುತ್ತದೆ, ಅಂಗನವಾಡಿಯಲ್ಲೇ ಕೂರಿಸಿ ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ಕೊಡೋಣ ಎಂಬುದು ಅದರ ಹಿಂದಿನ ತರ್ಕ. ಆದರೆ ಏಳು ತಿಂಗಳ ಬಸುರಿ ಮಟಮಟ ಮಧ್ಯಾಹ್ನ ಅರ್ಧ ಕಿಲೋಮೀಟರ್ ನಡೆದು ಬಂದು ಉಣ್ಣಬೇಕು. ಮಲೆನಾಡಿನ ಒಂಟಿ ಮನೆಗಳಿಂದ ಅದಕ್ಕಿಂತ ದೂರ. ಬಾಣಂತಿ ಹೊರಗೆ ಕಾಲಿಡಬಾರದು ಎಂಬ ಮನೆಗಳಿವೆ. ಕೆಲವು ಕಡೆ ಯಾರು ಅಡುಗೆ ಮಾಡಿದರು, ಪಕ್ಕದಲ್ಲಿ ಯಾರು ಕೂತರು ಎಂಬ ಜಾತಿ ಲೆಕ್ಕವೂ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಕೂಲಿಗೆ ಹೋದವಳಂತೂ ಆ ಹೊತ್ತಿಗೆ ಊರಲ್ಲೇ ಇರಲ್ಲ.

ಮೊಟ್ಟೆಯ ಬಗ್ಗೆ ಹೇಳಲೇಬೇಕು. ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಲು 2021ರ ಕೊನೆಗೆ ಹೊರಟಾಗ ಕೆಲವು ಮಠಾಧೀಶರು ಎತ್ತಿದ ಆಕ್ಷೇಪ ಎಲ್ಲರಿಗೂ ನೆನಪಿದೆ. ಅಲ್ಲಿ ಯಾರೂ ಮಾತಾಡದ ಒಂದು ವಿಷಯ ಬಿ12. ಇದೇ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ದಾಖಲಾದ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ವಿಟಮಿನ್ ಬಿ12 ಕಡಿಮೆ ಇತ್ತು. ರಕ್ತ ಮತ್ತು ನರಗಳ ಬೆಳವಣಿಗೆಗೆ ಬೇಕಾದ ಈ ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಸೊಪ್ಪು, ಬೇಳೆಯಿಂದ ಸಿಗಲ್ಲ. ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಸಿಡ್. ಮೊಟ್ಟೆ ಬೇಡ ಅನ್ನುವ ಹಕ್ಕು ತಿನ್ನುವವರಿಗಿದೆ. ಬೇರೆಯವರ ಹೊಟ್ಟೆಯ ಮಗುವಿನ ಪರವಾಗಿ ವೇದಿಕೆ ಮೇಲಿಂದ ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಣದ ವಿಷಯ. ಮೂರು ವರ್ಷದೊಳಗಿನ ಮಗುವಿನ ಪೂರಕ ಆಹಾರಕ್ಕೆ 2017ರಲ್ಲಿ ನಿಗದಿಯಾದ ದರ ದಿನಕ್ಕೆ 8 ರೂಪಾಯಿ, ಅದೂ ಕೇಂದ್ರ-ರಾಜ್ಯ ಅರ್ಧರ್ಧ. ಗರ್ಭಿಣಿಗೆ ಒಂಬತ್ತೂವರೆ. ದರ ಹೆಚ್ಚಿಸುವ ಮಾತು ಬಂದಿದ್ದು 2025ರ ಕೇಂದ್ರ ಬಜೆಟ್ ಭಾಷಣದಲ್ಲಿ. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹೆರಿಗೆ ರಜೆಯ ಲೆಕ್ಕ. ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತ ಪ್ರತಿ ಆಸ್ಪತ್ರೆಯ ಗೋಡೆ ಮೇಲೂ ಬರೆದಿರುತ್ತದೆ. ಸಂಘಟಿತ ವಲಯದ ಉದ್ಯೋಗಿಗೆ 2017ರ ತಿದ್ದುಪಡಿ ಪ್ರಕಾರ 26 ವಾರ ಸಂಬಳ ಸಹಿತ ರಜೆ. ಅಂದರೆ ಸರಿಯಾಗಿ ಆರು ತಿಂಗಳು. ಸರ್ಕಾರಕ್ಕೆ ವಿಜ್ಞಾನ ಗೊತ್ತಿದೆ ಅಂತಾಯಿತು. ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ತಾಯಿಗೆ? ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ ಮಾತ್ರ 6,000. ಕಡಿಮೆ ಅಂದರೆ 6,000 ರೂಪಾಯಿ ಕೊಡಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳಿತ್ತು. ಕರ್ನಾಟಕದಲ್ಲಿ 2025-26ಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಐದು ಸಾವಿರವನ್ನು 370ರಿಂದ ಭಾಗಿಸಿ ನೋಡಿ. ಹದಿಮೂರೂವರೆ ದಿನ. ಒಬ್ಬಳಿಗೆ 182 ದಿನ, ಇನ್ನೊಬ್ಬಳಿಗೆ ಹದಿಮೂರೂವರೆ. ಹದಿನಾಲ್ಕನೇ ದಿನದಿಂದ ಆ ಕೂಸಿಗೆ ಎದೆಹಾಲು ಬೇಡವಾ? ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಯೋಜನೆಯಲ್ಲಿ ಹಣ ಮತ್ತು ಪೌಷ್ಟಿಕ ಕಿಟ್ ಸೇರಿಸಿ 18,000 ರೂಪಾಯಿ ಕೊಡುತ್ತದೆ. ಅದೂ ಸಾಲದು, ಆದರೆ ನಮ್ಮದಕ್ಕಿಂತ ವಾಸಿ.

ಗೃಹಲಕ್ಷ್ಮಿ ಇದೆಯಲ್ಲ ಅನ್ನಬಹುದು. ತಿಂಗಳಿಗೆ 2,000 ರೂಪಾಯಿ, ನಾನದನ್ನು ಬಿಟ್ಟಿ ಭಾಗ್ಯ ಅನ್ನುವವರ ಸಾಲಿಗೆ ಸೇರಿದವನಲ್ಲ. ಆದರೆ ಅದು ಹೋಗುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅಂತ ಇರುವವರ ಖಾತೆಗೆ. ಇಪ್ಪತ್ತೊಂದು ವರ್ಷದ ಬಸುರಿ ಸೊಸೆ ಎಷ್ಟು ಮನೆಗಳಲ್ಲಿ ಯಜಮಾನಿ? ಅತ್ತೆ ಒಳ್ಳೆಯವರಾದರೆ ಸೊಸೆಯ ತಟ್ಟೆಗೂ ಒಂದು ಪಾಲು ಬರುತ್ತದೆ. ಹೆಣ್ಣುಮಕ್ಕಳ ಕೈಗೆ ಹಣ ಕೊಡುವ ದೇಶದಲ್ಲೇ ದೊಡ್ಡ ಯೋಜನೆಗಳಲ್ಲಿ ಒಂದನ್ನು ಕಟ್ಟಿದ ರಾಜ್ಯ, ಮನೆಯೊಳಗೆ ಅತ್ಯಂತ ಹಸಿದಿರುವ ಹೆಣ್ಣನ್ನೇ ದಾಟಿಹೋಗಿದೆ. ತಾಯಿ ಕಾರ್ಡ್ ಆದ ದಿನದಿಂದ ಮಗುವಿಗೆ ಎರಡು ವರ್ಷ ಆಗುವವರೆಗೆ ಆ ತಾಯಿಗೇ ನೇರವಾಗಿ ಒಂದು ಸಾವಿರ ಹೆಚ್ಚುವರಿ ಕೊಡಲು ಹೊಸ ಇಲಾಖೆ ಬೇಕಾಗಿಲ್ಲ. ಪಟ್ಟಿ ಈಗಾಗಲೇ ಆಶಾ ಕಾರ್ಯಕರ್ತೆಯರ ಬಳಿ ಇದೆ.

ಇಷ್ಟೆಲ್ಲ ಇರುವಾಗ ಕಳೆದೆರಡು ವರ್ಷ ಅಂಗನವಾಡಿ ಸುದ್ದಿಯಾಗಿದ್ದು ಯಾವುದಕ್ಕೆ? ಎಲ್‌ಕೆಜಿ-ಯುಕೆಜಿಗೆ. 2024ರಲ್ಲಿ ಶಿಕ್ಷಣ ಇಲಾಖೆ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿ ಶುರು ಮಾಡಲು ಹೊರಟಾಗ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಮುಚ್ಚುತ್ತದೆ ಎಂಬ ಅವರ ಭಯ ನ್ಯಾಯವಾದದ್ದು. ಸರ್ಕಾರ ಒಪ್ಪಿತು, ಅಂಗನವಾಡಿಗಳಲ್ಲೇ ಎಲ್‌ಕೆಜಿ ಅಂದಿತು, ಬೆಂಗಳೂರಿನಲ್ಲಿ 250 ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂಬ ಬೋರ್ಡೂ ಬಂತು. ಮೂರು ವರ್ಷದ ಮೇಲಿನ ಮಕ್ಕಳಿಗೆ ಒಳ್ಳೆಯದೇ. ಆದರೆ ಕಾರ್ಯಕರ್ತೆ ಅವಳೊಬ್ಬಳೇ. ಕೇಂದ್ರ ಕೊಡುವ ಗೌರವಧನ 2018ರಲ್ಲಿ ನಿಗದಿಯಾದ 4,500 ರೂಪಾಯಿ, ಮಿಕ್ಕಿದ್ದು ರಾಜ್ಯದ್ದು. ಇದಕ್ಕೆ ಆ್ಯಪ್, ಸರ್ವೆ, ಮತದಾರರ ಪಟ್ಟಿ, ಇಪ್ಪತ್ತು ರಿಜಿಸ್ಟರು, ಈಗ ಎಬಿಸಿಡಿ. ಮನೆಮನೆಗೆ ಹೋಗಿ ಪಾಕೀಟಿನ ಮಗುವನ್ನು ನೋಡುವ ಕೆಲಸ ಪಟ್ಟಿಯ ಕೊನೆಗೆ ಬೀಳದೆ ಇನ್ನೆಲ್ಲಿಗೆ ಬೀಳುತ್ತದೆ?

ಇದಕ್ಕೆ ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಕೇಂದ್ರಗಳಿಗೆ, ಪಾಠಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಮಕ್ಕಳ ಕಲಿಕೆ ಸುಧಾರಿಸಿದ್ದು ನಿರೀಕ್ಷಿತವೇ. ಅದರ ಜೊತೆಗೆ ಕುಂಠಿತ ಮಕ್ಕಳ ಮತ್ತು ತೀವ್ರ ಅಪೌಷ್ಟಿಕ ಮಕ್ಕಳ ಪ್ರಮಾಣವೂ ಇಳಿಯಿತು. ಯಾಕೆಂದರೆ ಮೊದಲಿನಿಂದ ಇದ್ದ ಕಾರ್ಯಕರ್ತೆಗೆ ಆರೋಗ್ಯ, ಪೋಷಣೆಯ ಕೆಲಸಕ್ಕೆ ಸಮಯ ಸಿಕ್ಕಿತು. ಎಲ್‌ಕೆಜಿ ಬೇಕೇ ಬೇಡವೇ ಎಂಬ ಜಗಳಕ್ಕೆ ಬದಲು, ಎಲ್‌ಕೆಜಿ ಇರುವ ಪ್ರತಿ ಅಂಗನವಾಡಿಗೆ ಎರಡನೇ ಕಾರ್ಯಕರ್ತೆ ಎಲ್ಲಿ ಅಂತ ಸಂಘಟನೆಗಳೂ ಪೋಷಕರೂ ಕೇಳಬೇಕಿತ್ತು.

ಇನ್ನು ಆ ಎರಡು ಗಂಟೆಯ ಪ್ರಶ್ನೆ. ತಾಯಿ ಕೂಲಿಗೆ ಹೋದಾಗ ತಿನ್ನಿಸುವವರು ಯಾರು? ಇದನ್ನು ಸರಿಯಾಗಿ ಹಿಡಿದ ಯೋಜನೆ ನಮ್ಮಲ್ಲೇ ಇದೆ: 2023ರಲ್ಲಿ ಘೋಷಣೆಯಾದ ಕೂಸಿನ ಮನೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ. ಅಂಗನವಾಡಿಯ ಐವತ್ತು ವರ್ಷದಲ್ಲಿ ಈ ವಯಸ್ಸಿನ ಮಗುವಿಗೆ ಅಂತಲೇ ಇಷ್ಟು ದೊಡ್ಡದಾಗಿ ಯೋಚಿಸಿದ್ದು ಇದೇ ಮೊದಲು ಅಂತ ನನಗನ್ನಿಸುತ್ತದೆ. ಆದರೆ ಆರೈಕೆ ಮಾಡುವವರಿಗೆ ನರೇಗಾ ಕೂಲಿಯ ಲೆಕ್ಕ ಹಿಡಿದು, ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಅನ್ನುವ ಮಿತಿಯಲ್ಲಿ ಪಾಳಿ ಮೇಲೆ ಕೆಲಸ ಹಂಚಿದರು. ಒಂದು ವರ್ಷದ ಕೂಸು ಒಬ್ಬರ ಕಂಕುಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರ ದಿನ ಮುಗಿದು ಬೇರೆಯವರು ಬರುತ್ತಾರೆ. ಗುರುತಿಲ್ಲದವರ ಕೈಯಲ್ಲಿ ಆ ವಯಸ್ಸಿನ ಮಗು ತುತ್ತು ತೆಗೆದುಕೊಳ್ಳಲ್ಲ. ಮಕ್ಕಳನ್ನು ಸಾಕಿದ ಯಾರನ್ನಾದರೂ ಕೇಳಿ. ಕೆರೆ ಹೂಳೆತ್ತುವ ಕೆಲಸಕ್ಕೆ ಪಾಳಿ ಸರಿಹೋಗುತ್ತದೆ.

ರಾಯಚೂರಿನ ಆ ಅಂಗನವಾಡಿಗೆ ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜಿ ಬಂದರು, ಸೊಂಟದಲ್ಲಿ ಹನ್ನೊಂದು ತಿಂಗಳ ಮೊಮ್ಮಗ. ಪಾಕೀಟು ಒಯ್ಯಲು ಬಂದಿದ್ದರು. 2025ರ ಮಧ್ಯದಿಂದ ಪಾಕೀಟು ಪಡೆಯಲು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖದ ಗುರುತು ಹಿಡಿಸುವುದು ಕಡ್ಡಾಯ. ತಾಯಿಯ ಮುಖ ಬೇಕು. ತಾಯಿ ಹತ್ತಿ ಹೊಲದಲ್ಲಿದ್ದಾಳೆ. ಆಧಾರ್‌ಗೆ ಜೋಡಿಸಿದ ಫೋನ್ ಗಂಡನ ಹತ್ತಿರ, ಅವನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ. ಅಕ್ಕೋರು ಮೂರು ಸಲ ಫೋನ್ ಮಾಡಿದರು, ಎತ್ತಲಿಲ್ಲ.

"ಹೋಗವಾ ಯಮ್ಮ, ಒಯ್ಯಿ. ನಾ ಆಮ್ಯಾಲೆ ನೋಡ್ಕೋತೀನಿ" ಅಂತ ಎರಡು ಪಾಕೀಟು ಕೊಟ್ಟು, ಹಳೇ ನೋಟ್‌ಬುಕ್‌ನಲ್ಲಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ತೂಕ ಹಾಕುವ ಹೊತ್ತಿಗೆ ಕೂಸು ಜೋರಾಗಿ ಅಳಲು ಶುರು ಮಾಡಿತು. 6 ಕೆ.ಜಿ. 700 ಗ್ರಾಂ. ಆ ವಯಸ್ಸಿನ ಗಂಡು ಮಗು ಒಂಬತ್ತರ ಮೇಲಿರಬೇಕು. ಅಕ್ಕೋರು ಅದನ್ನೂ ನೋಟ್‌ಬುಕ್ಕಿನಲ್ಲೇ ಬರೆದುಕೊಂಡರು. ಆ್ಯಪ್‌ನಲ್ಲಿ ಆ ತಿಂಗಳು ಆ ಮಗುವಿಗೆ ಪಾಕೀಟು ಸಿಕ್ಕಿಲ್ಲ ಅಂತಲೇ ಇತ್ತು.